ಕಾಕಾನ ದನಿಯನ್ನು ಬುತ್ತಿ ಕಟ್ಟಿದ್ದು

ನನ್ನ ಕಾಕಾನ ದನಿ ಕೇಳದೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳಲ್ಲಿ ಯಾವ ಅಂಗಡಿಯೂ ಬಾಗಿಲು ತೆರೆದಿಲ್ಲ, ಯಾವ ನಾಟಕದ ಪರದೆಯೂ ಮೇಲೆದ್ದಿಲ್ಲ, ಯಾವ ಶಿಬಿರದಲ್ಲೂ ಯಾರ ಕಣ್ಣೂ ತಪಾಸಣೆಯಾಗಿಲ್ಲ. ಇದು ಕಾಕಾನೇ ಹೇಳುವ ಮಾತು. ಅರ್ಧ ತೆಗೆದು ನಂಬಬೇಕು. ಉಳಿದರ್ಧ ಮಾತ್ರ ಖರೆ. ಅವನದು ಪ್ರಚಾರದ ರಿಕ್ಷಾ. ಮೇಲೆ ಎರಡು ಭೋಂಗಾ ಸ್ಪೀಕರು, ಹಿಂದೆ ಬ್ಯಾಟರಿ, ಮುಂದೆ ಕಾಕಾ. ಬಲಗೈಯಲ್ಲಿ ಹ್ಯಾಂಡಲ್ಲು, ಎಡಗೈಯಲ್ಲಿ ಮೈಕು. ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಬಂದರೆ ಹ್ಯಾಂಡಲ್ಲು ಬಿಟ್ಟಾನೇ ಹೊರತು ಮೈಕು ಬಿಡುವವನಲ್ಲ.

ನಾನು ಅವನ ಅಣ್ಣನ ಮಗ. ಬೈಲಹೊಂಗಲದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತೇನೆ. ಅದು ಹೊಟ್ಟೆಪಾಡು. ಖರೆ ಕಸುಬು ಮಂದಿಯ ದನಿ ನಕಲು ಮಾಡುವುದು. ಸಾಲಿಯಲ್ಲಿದ್ದಾಗ ಹೆಡ್‌ಮಾಸ್ತರರ ದನಿಯಲ್ಲಿ ಸೂಟಿ ಕೊಟ್ಟು, ಹೆಡ್‌ಮಾಸ್ತರರ ಕೈಯಲ್ಲೇ ಏಟು ತಿಂದವನು. ಮನೆಗೆ ಬಂದ ಬೀಗರು ಹೊಸ್ತಿಲು ದಾಟುವುದರೊಳಗೆ ಅವರ ನಗೆ, ಅವರ ಸೀನು, ಅವರ 'ಅಯ್ಯ ಶಿವನ' ಎಲ್ಲ ನನ್ನ ಬಾಯಲ್ಲಿ ಬಂದಿರುತ್ತದೆ. ಇದರ ಶಿಕ್ಷೆಯೂ ನನಗೇ: ನನ್ನ ದನಿ ಯಾವುದೆಂದು ಯಾರಿಗೂ ಗೊತ್ತಿಲ್ಲ. ನನ್ನದೇ ದನಿಯಲ್ಲಿ ಮನೆಗೆ ಫೋನು ಮಾಡಿದರೆ ಅವ್ವ "ಯಾರ್ರಿ ಮಾತಾಡೋದು?" ಅನ್ನುತ್ತಾಳೆ. ಕಾಕಾನ ದನಿಯಲ್ಲಿ ಮಾಡಿದರೆ "ಏನೋ ಮಗನ" ಅಂದು ಕೂಡಲೇ ಗುರುತು ಹಿಡಿಯುತ್ತಾಳೆ.

ಹೀಗಿರುವಾಗ ಕಾಕಾನ ಗಂಟಲು ಕೈಕೊಟ್ಟಿತು. ಮೊದಲು ಒಡಕು, ಆಮೇಲೆ ಬರೀ ಗಾಳಿ. ಧಾರವಾಡದ ಡಾಕ್ಟರು ಗಂಟಲೊಳಗೆ ಕನ್ನಡಿ ಇಳಿಸಿ ನೋಡಿ, ದನಿಯ ತಂತಿಗಳ ಮೇಲೆ ಗಂಟು ಎದ್ದಿವೆ ಎಂದರು. "ದೀಪಾವಳಿವರೆಗೂ ಮಾತು ಬಂದ್. ಕೂಗೋದಂತೂ ಕನಸಲ್ಲೂ ಬೇಡ." ಇದನ್ನು ಡಾಕ್ಟರು ಎಷ್ಟು ಮೆಲ್ಲಗೆ ಹೇಳಿದರೆಂದರೆ, ಅವರಿಗೂ ಯಾರೋ ಬಂದ್ ಮಾಡಿಸಿರಬೇಕು ಎಂದು ನಾವು ಅಂದುಕೊಂಡೆವು.

ಅಂದಿನಿಂದ ಕಾಕಾನ ಕೊರಳಿಗೆ ಒಂದು ಪಾಟಿ ಬಿತ್ತು. ಹೇಳಬೇಕಾದ್ದನ್ನು ಬಳಪದಿಂದ ಬರೆದು ತೋರಿಸುವುದು. ಚಿಗವ್ವನಿಗೆ, ಅಂದರೆ ಕಾಕಾನ ಹೆಂಡತಿಗೆ, ಮೂವತ್ತು ವರ್ಷದ ಸಂಸಾರದಲ್ಲಿ ಇಷ್ಟು ಸುಖದ ಕಾಲ ಬಂದಿರಲಿಲ್ಲ. ಕಾಕಾ ಏನಾದರೂ ಬೇಡದ್ದು ಬರೆದರೆ "ಚಸ್ಮಾ ಇಲ್ಲ, ಆಮ್ಯಾಲ ಓದತೇನಿ" ಎಂದು ಒಳಗೆ ಹೋಗಿಬಿಡುತ್ತಿದ್ದಳು. ಅವಳಿಗೆ ಚಸ್ಮಾ ಬೇಕೇ ಆಗಿರಲಿಲ್ಲ.

ಆದರೆ ಕಾಕಾನಿಗೆ ಇದು ನಗುವ ವಿಷಯವಾಗಿರಲಿಲ್ಲ. ಹುಬ್ಬಳ್ಳಿಯ ಒಂದು ಸ್ಟುಡಿಯೋದವರು ಹೆಣ್ಣುದನಿಯೊಂದಕ್ಕೆ ಹಿಂದೆ ಮುಂದೆ ಸಂಗೀತ ಹಚ್ಚಿ ಪ್ರಚಾರ ಮಾಡಿಕೊಡುತ್ತಿದ್ದರು. ರಾಮದುರ್ಗದ ಸೀರೆ-ಧೋತರದ ಅರಿವಿ ಅಂಗಡಿಯ ಸಾಹುಕಾರರು ಹೊಸ ಅಂಗಡಿ ತೆಗೆಯುವವರಿದ್ದರು. ಅವರ ಹಳೆ ಅಂಗಡಿಯ ಪ್ರಚಾರವೆಲ್ಲ ಕಾಕಾನದೇ. ಈಗ ಅವರೂ ಹುಬ್ಬಳ್ಳಿ ಕಡೆ ನೋಡತೊಡಗಿದ್ದರು. ಅವರು ಹೋದರೆ ಉಳಿದವರೂ ಹೋಗುತ್ತಾರೆ. ದೀಪಾವಳಿಗೆ ಗಂಟಲು ತಿರುಗಿ ಬಂದರೂ ಅದನ್ನು ಕೇಳುವವರು ಇರುವುದಿಲ್ಲ. ಕಾಕಾ ಪಾಟಿಯ ಮೇಲೆ ಬರೆದ: "ನನ್ನ ದನಿ ಸತ್ತೈತಿ ಅಂತ ಯಾರಿಗೂ ಗೊತ್ತಾಗಬಾರದು."

ನಾನು ಓದಿ, ಅವನದೇ ದನಿಯಲ್ಲಿ, ಮಾತಿಗೆ ಮೊದಲು ಅವನು ಹಾಕುವ ಕೆಮ್ಮು ಸಮೇತ, "ಸತ್ತಿಲ್ಲಲೇ, ನನ್ನ ಬಾಯಾಗ ಐತಿ" ಎಂದೆ. ಪಾಟಿ ನನ್ನ ತಲೆಯ ಮೇಲೆ ಬಿತ್ತು. ಆಮೇಲೆ ಕಾಕಾ ವಿಚಾರ ಮಾಡಿದ.

ದಿನವೂ ರಿಕ್ಷಾದಲ್ಲಿ ಕೂತು ಅವನ ದನಿ ಮಾಡಲು ನನಗೆ ಕ್ಲಾಸು ಬಿಡಲಾಗದು. ಅದಕ್ಕೆ ಯೋಜನೆ ಹೀಗಾಯಿತು: ಊರುಗಳ ಹೆಸರು, ನಮಸ್ಕಾರ, 'ಸಂತೋಷದ ಸುದ್ದಿ', ಮಾಲಿನ ವಿವರ, ವಾರ, ಹೊತ್ತು, ಕಡೆಯ 'ಮರೀಬ್ಯಾಡ್ರಿ' ಎಲ್ಲವನ್ನೂ ಕಾಕಾನ ದನಿಯಲ್ಲಿ ತುಂಡುತುಂಡಾಗಿ ರೆಕಾರ್ಡು ಮಾಡುವುದು. ಯಾವ ಊರು, ಯಾವ ಅಂಗಡಿ ಎಂದು ಹೇಳಿದರೆ ಆ ತುಂಡುಗಳನ್ನು ಜೋಡಿಸಿ ನುಡಿಸುವ ಒಂದು ಸ್ಕ್ರಿಪ್ಟನ್ನು ಪೈಥಾನ್ ಭಾಷೆಯಲ್ಲಿ ನಾನು ಬರೆಯುವುದು.

ರೆಕಾರ್ಡಿಂಗು ಕಾಕಾನ ಮನೆಯ ಜೋಳದ ಚೀಲಗಳ ಕೋಣೆಯಲ್ಲಿ ನಡೆಯಿತು. ಹೊರಗಿನ ಸದ್ದು ಬರಬಾರದೆಂದು ತಲೆಯ ಮೇಲೆ ಎರಡು ಕೌದಿ ಹೊದ್ದು ಕೂತೆ. ಕಾಕಾ ಬಾಗಿಲಲ್ಲಿ ನಿಂತು ಪಾಟಿ ಎತ್ತಿ ನಿರ್ದೇಶನ ಕೊಡುತ್ತಿದ್ದ. ಒಂದೊಂದು ಸಲಕ್ಕೂ ನಾನು ಕೌದಿ ಸರಿಸಿ ಓದಬೇಕು, ಬೆವರು ಒರೆಸಬೇಕು, ಮತ್ತೆ ಒಳಗೆ ಹೋಗಬೇಕು. "ಕೆಮ್ಮು ಯಾಕ?" ಎಂದು ಬರೆದ.

"ಕಾಕಾ, ನೀ ಮೈಕ್ ಹಿಡದ ಕೂಡಲೆ ಕೆಮ್ಮತೀಯಲ್ಲಾ."

"ನಾ ಎಂದೂ ಕೆಮ್ಮಿಲ್ಲ."

ಚಿಗವ್ವ ಸೌಟು ಹಿಡಿದು ಬಂದು ತೀರ್ಪು ಕೊಟ್ಟಳು. "ಕೆಮ್ಮ ಬರೋಬ್ಬರಿ ಐತಿ. ಇನ್ನೊಂಚೂರು ಸೊಕ್ಕ ಕಮ್ಮಿ ಬಿದ್ದೈತಿ ನೋಡು. ನಿಮ್ಮ ಕಾಕಾ ಕೆಮ್ಮಿದ್ರ ಊರ ಗೌಡಾ ಬಂದಂಗಿರತಿತ್ತು."

ಸೊಕ್ಕು ಹೆಚ್ಚಿಸಿ ಮತ್ತೆ ಕೆಮ್ಮಿದೆ. ಕಾಕಾ ಪಾಟಿಯ ಮೇಲಿನದನ್ನು ಒರೆಸಿಬಿಟ್ಟ. ತನ್ನ ಕೆಮ್ಮನ್ನು ಅವನು ಕಿವಿಗೊಟ್ಟು ಕೇಳಿದ್ದು ಅದೇ ಮೊದಲಿರಬೇಕು. ಆ ಸಂಜೆ ಕನ್ನಡಿಯ ಮುಂದೆ ನಿಂತು ಬಾಯಿ ತೆರೆಯದೆ ಕೆಮ್ಮುವ ಭಂಗಿ ಮಾಡಿ ನೋಡುತ್ತಿದ್ದುದನ್ನು ನಾನು ಕಂಡೆ.

ಸ್ಕ್ರಿಪ್ಟು ನನ್ನ ಲ್ಯಾಪ್‌ಟಾಪಿನಲ್ಲಿ ಚೆಂದ ನಡೆಯಿತು. ಆದರೆ ನಡೆಸುವುದಕ್ಕೆ ಪರದೆಯ ಮೇಲೆ ಕರಿ ಕಿಟಕಿ ತೆರೆದು ಇಂಗ್ಲಿಷಿನಲ್ಲಿ ಆಜ್ಞೆ ಬರೆಯಬೇಕು. ಕಾಕಾ ಅದನ್ನು ನೋಡಿ ಪಾಟಿಯ ಮೇಲೆ ಬರೆದ: "ಇದೂ ಪಾಟಿನ. ನನ್ನ ಹಂತೇಕ ಒಂದ ಐತಿ." ಮಾತು ಸರಿ. ಅವನ ಹಳೆಯ ಲ್ಯಾಪ್‌ಟಾಪಿನಲ್ಲಿ ಪೈಥಾನ್ ಇಲ್ಲ, ಇಂಟರ್ನೆಟ್ಟು ಇಲ್ಲ, ಅರ್ಧ ಕೀಲಿಗಳೂ ಇಲ್ಲ. ಒಂದು ಚಿತ್ರ ಇರಬೇಕು, ಅದನ್ನು ಎರಡು ಸಲ ಒತ್ತಬೇಕು, ದನಿ ಬರಬೇಕು. ಅಂದರೆ ಸ್ಕ್ರಿಪ್ಟನ್ನು ಸ್ವತಂತ್ರ ಆ್ಯಪ್ ಮಾಡಬೇಕು.

ಚಿಗವ್ವನಿಗೆ ಇದನ್ನು ತಿಳಿಸಿ ಹೇಳಿದೆ. "ಸ್ಕ್ರಿಪ್ಟ್ ಅಂದ್ರ ರೊಟ್ಟಿ ಮಾಡೂದು ಹೆಂಗ ಅಂತ ಹೇಳಿಕೊಟ್ಟಂಗ. ಹಿಟ್ಟು, ಹಂಚು, ಒಲಿ ಇದ್ದವ್ರ ಮನ್ಯಾಗಷ್ಟ ನಡೀತೈತಿ. ಆ್ಯಪ್ ಅಂದ್ರ ಬುತ್ತಿ. ಎಲ್ಲಾ ಕಟ್ಟಿ ಕೊಡೂದು, ಹೊಲದಾಗ ಬಿಚ್ಚಿ ಉಣ್ಣೂದು."

ಆ್ಯಪ್ ಕಟ್ಟಿ ಅದರ ಗಾತ್ರ ತೋರಿಸಿದಾಗ "ಹಂಗಾರ ಇಷ್ಟ್ಯಾಕ ದಪ್ಪಾತು?" ಎಂದಳು. ಎರಡು ಪುಟದ ಸ್ಕ್ರಿಪ್ಟು ಆ್ಯಪ್ ಆದ ಮೇಲೆ ಒಂದು ಸಿನೆಮಾದ ಹಾಡಿಗಿಂತ ದೊಡ್ಡದಾಗಿತ್ತು. ಈ ಬುತ್ತಿ ಕಟ್ಟುವ ಸಾಮಾನು ರೊಟ್ಟಿಯ ಜೊತೆ ಹಂಚು, ಒಲೆ, ಬೇಕಾದರೆ ಅಡುಗೆಮನೆಯ ಗೋಡೆಯನ್ನೂ ಕಟ್ಟಿ ಕೊಡುತ್ತದೆ ಎಂದು ಹೇಳಲು ನನಗೆ ನಾಚಿಕೆಯಾಯಿತು.

ಪೆನ್‌ಡ್ರೈವಿನಲ್ಲಿ ಆ್ಯಪನ್ನು ಒಯ್ದು ಕಾಕಾನ ಲ್ಯಾಪ್‌ಟಾಪಿಗೆ ಹಾಕಿದೆ. ಕಾಕಾ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು, ಲ್ಯಾಪ್‌ಟಾಪಿಗೂ ಒಂದು ಪಟ್ಟೆ ಎಳೆದು, ಒತ್ತಿದ. ಕಿಟಕಿ ತೆರೆಯಿತು. ಊರು ಆರಿಸಿದ. ಗಪ್ಪನೆ ಮೌನ. ಡಾಕ್ಟರು ಲ್ಯಾಪ್‌ಟಾಪಿಗೂ ಮಾತು ಬಂದ್ ಮಾಡಿದಂತಿತ್ತು. ಆದದ್ದು ಇಷ್ಟೇ: ದನಿಯ ತುಂಡುಗಳು ನನ್ನ ಲ್ಯಾಪ್‌ಟಾಪಿನ ಇಂಥ ಫೋಲ್ಡರಿನಲ್ಲಿವೆ ಎಂದು ಪೂರಾ ವಿಳಾಸವನ್ನು ಸ್ಕ್ರಿಪ್ಟಿನಲ್ಲಿ ಬರೆದಿದ್ದೆ. ಆ್ಯಪು ಪಾಪ ಕಾಕಾನ ಮನೆಯಲ್ಲಿ ಕೂತು ನನ್ನ ಮನೆಯ ವಿಳಾಸ ಹುಡುಕುತ್ತಿತ್ತು. ನಾನು ವಾರಕ್ಕೊಮ್ಮೆ ಕ್ಲಾಸಿನ ಹುಡುಗರಿಗೆ 'ಇದನ್ನು ಮಾತ್ರ ಮಾಡಬ್ಯಾಡ್ರಿ' ಎಂದು ಹೇಳುವ ತಪ್ಪು ಇದು.

"ಬುತ್ತಿಯೊಳಗ ರೊಟ್ಟಿ ಇಡೂದ ಮರತೀ" ಎಂದಳು ಚಿಗವ್ವ. "ಒಲಿ ಕಟ್ಟೀ, ಹಂಚ ಕಟ್ಟೀ, ರೊಟ್ಟಿ ಮನ್ಯಾಗ."

ತುಂಡುಗಳನ್ನೂ ಒಳಗೆ ಸೇರಿಸಿ ಮತ್ತೆ ಕಟ್ಟಿ ತಂದೆ. ಈ ಸಲ ಒತ್ತುತ್ತಲೇ ಒಂದು ಎಚ್ಚರಿಕೆ ಬಂತು: ಈ ಆ್ಯಪಿನ ಪ್ರಕಾಶಕರು ಅಪರಿಚಿತರು, ನಡೆಸಿದರೆ ಅಪಾಯವಾಗಬಹುದು. ನಾನು ಓದಿ ಹೇಳಿದೆ. ಕಾಕಾನ ಮುಖ ಅರಳಿತು. ನಮ್ಮ ಕಡೆ ಹೊಸ ಊರಿಗೆ ಹೋದರೆ ಮೊದಲ ಪ್ರಶ್ನೆ 'ಯಾರ ಪೈಕಿ ನೀವು?' ಎಂಬುದು. ಕಂಪ್ಯೂಟರಿಗೂ ಅಷ್ಟು ರೀತಿನೀತಿ ಇದೆಯಲ್ಲ ಎಂದು ಅವನಿಗೆ ಮೆಚ್ಚುಗೆಯಾಯಿತು. "ನನ್ನ ಅಣ್ಣನ ಮಗಾ ಅಂತ ಹೇಳು" ಎಂದು ಬರೆದ. ಹೇಳುವ ಉಪಾಯ ಇಲ್ಲ, ಅದಕ್ಕೆ ದೊಡ್ಡ ಕಂಪನಿಯವರ ಸಹಿ ಬೇಕು ಎಂದೆ. ನಾವು ಮಾತಾಡುತ್ತಿರುವಾಗಲೇ ವೈರಸ್ ತಡೆಯುವ ಆ್ಯಪು ಎದ್ದು ಬಂದು ನನ್ನ ಆ್ಯಪನ್ನು ನುಂಗಿ, ನಿಮ್ಮನ್ನು ರಕ್ಷಿಸಲಾಗಿದೆ ಎಂದು ತೋರಿಸಿತು. ಕಾಕಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ.

"ಸಣ್ಣಾಂವ ಇದ್ದಾಗಿಂದ ನಾ ಹೇಳತಿದ್ನಿ" ಎಂದು ಚಿಗವ್ವ ಒಳಗಿನಿಂದ ಅಂದಳು. "ಅದಕ್ಕೂ ಗೊತ್ತಾತು."

ಅದಕ್ಕೆ ಸಮಾಧಾನ ಹೇಳಿ, ನನ್ನ ಆ್ಯಪನ್ನು ಅದರ ಬಾಯಿಂದ ಬಿಡಿಸಿ, ಇವನು ನಮ್ಮವನೇ ಎಂದು ಅದರ ಪಟ್ಟಿಯಲ್ಲಿ ಸೇರಿಸಿ ಮುಗಿಸುವಾಗ ಕಾಕಾನ ವಿಭೂತಿ ಒಣಗಿ ಉದುರಿತ್ತು.

ಸಾಹುಕಾರರಿಗೆ ನಾನು ಕಾಕಾನ ದನಿಯಲ್ಲಿ ಫೋನು ಮಾಡಿದೆ. ಕಾಕಾ ಎದುರಿಗೇ ಕೂತಿದ್ದ, ಹುಬ್ಬು ಹಾರಿಸಿ ಹಾರಿಸಿ ತಿದ್ದುತ್ತಿದ್ದ. "ಗಂಟಲಾ ಚಲೋ ಆದಂಗ ಕೇಳತೈತಲ್ಲಾ" ಎಂದರು ಅವರು. "ಒಂದ ಸುತ್ತ ಹಾಕ್ರಿ, ನೋಡೂಣು. ಮಂದಿ ಕೇಳ್ಕೊಂತ ಬಂದ್ರ ನೀವು. ಇಲ್ಲಾ ಅಂದ್ರ ಹುಬ್ಬಳ್ಳಿ."

ಭಾನುವಾರ ದೊಡವಾಡಕ್ಕೆ ಹೋದೆವು. ಕಾಕಾ ಮುಂದೆ, ಲ್ಯಾಪ್‌ಟಾಪು ಅವನ ತೊಡೆಯ ಪಕ್ಕ ಸೀಟಿಗೆ ಹಗ್ಗದಿಂದ ಬಿಗಿದದ್ದು, ನಾನು ಹಿಂದೆ ಬ್ಯಾಟರಿಯ ಮೇಲೆ. ಧಾರವಾಡ ಬಸ್ಸಿಗೆ ಕಾದವರೆಲ್ಲ ತಿರುಗಿ ನೋಡಿದರು. ಕೆಮ್ಮು ಬಿತ್ತು, ಎಮ್ಮೆ ಹಿಡಿದು ಹೊರಟಿದ್ದ ಒಬ್ಬ "ಬಂದಾ ಪುಣ್ಯಾತ್ಮ" ಎಂದ. ಕಾಕಾ ಮೈಕನ್ನು ಬಾಯಿಯ ಮುಂದೆ ಹಿಡಿದು ತುಟಿ ಆಡಿಸುತ್ತಿದ್ದ. ತುಟಿ ಒಂದು ಮಾತು ಹಿಂದೆ ಬೀಳುತ್ತಿತ್ತು, ಆದರೆ ರಿಕ್ಷಾದವನ ತುಟಿ ಯಾರು ನೋಡುತ್ತಾರೆ. ಕಿತ್ತೂರಿನಲ್ಲೂ ಹಾಗೇ ಆಯಿತು. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ಉಳಿದದ್ದು ಮನೋಳಿ.

ಮನೋಳಿ ಚಿಗವ್ವನ ತವರೂರು. ಅಲ್ಲಿ ಕಾಕಾ ಪ್ರಚಾರದವನಲ್ಲ, ಅಳಿಯ. ಊರಿಗೆ ಊರೇ ಅವನ ಮಾವ, ಅತ್ತೆ, ಭಾವಮೈದುನ. ಅವನು ಅಲ್ಲಿ ಹೇಗೆ ಪ್ರಚಾರ ಮಾಡುತ್ತಿದ್ದನೆಂದರೆ, ಊರಬಾಗಿಲಿನ, ಅಂದರೆ ಅಗಸಿಯ, ಕಟ್ಟೆಯ ಮುಂದೆ ಎಂಜಿನ್ನು ನಿಲ್ಲಿಸಿ, ಟೊಪ್ಪಿಗೆ ತೆಗೆದು, ಮೈಕಿನಲ್ಲೇ "ಏನ್ರೀ ಮಾವಾರ, ಎಲ್ಲಾರೂ ಆರಾಮ?" ಎಂದು ಕೇಳುತ್ತಿದ್ದ. ಕಟ್ಟೆಯ ಮೇಲೆ ಚಿಗವ್ವನ ದೊಡ್ಡಪ್ಪ ಕೂತಿರುತ್ತಿದ್ದರು. ಅವರು ಆರಾಮ ಎಂದು ಶುರುಮಾಡಿ ಮೊಣಕಾಲು, ಮಳೆ, ಹೊಳೆಯ ನೀರು, ಸೊಸೆಯ ಅಡುಗೆ ಎಲ್ಲವನ್ನೂ ಹೇಳಿ ಮುಗಿಸುವ ತನಕ ಕಾದು, ಒಂದೊಂದಕ್ಕೂ ಮೈಕಿನಲ್ಲಿ ಉತ್ತರ ಕೊಟ್ಟು, ಊರೆಲ್ಲ ಕೇಳಿದ ಮೇಲೆ ಅಂಗಡಿಯ ವಿಷಯ. ಇದನ್ನು ನಾನು ಚಿಕ್ಕವನಿದ್ದಾಗಿನಿಂದ ನೋಡಿದ್ದೇನೆ, ನಕಲೂ ಮಾಡಿದ್ದೇನೆ. ಸ್ಕ್ರಿಪ್ಟು ಬರೆಯುವಾಗ ಆ ಪ್ರಶ್ನೆಯನ್ನು ಹಾಕಿದೆ, ಕೇಳಿದ ಮೇಲೆ ಕಾಯಬೇಕೆಂಬುದು ಮಾತ್ರ ನೆನಪಾಗಲಿಲ್ಲ. ಕಾಕಾನಿಗೂ ಹೊಳೆಯಲಿಲ್ಲ, ಅವನ ಪಾಲಿಗೆ ಅದು ಪ್ರಚಾರವೇ ಆಗಿರಲಿಲ್ಲ.

ಆ ಭಾನುವಾರ ಅದೇ ಕಟ್ಟೆಯ ಮುಂದೆ ರಿಕ್ಷಾ ನಿಂತಿತು, ಕೆಮ್ಮು ಬಿತ್ತು. "ಏನ್ರೀ ಮಾವಾರ, ಎಲ್ಲಾರೂ ಆರಾಮ?" ಎಂದು ನನ್ನ ಬಾಯಿಯ ಕಾಕಾ ಕೇಳಿದ. ದೊಡ್ಡಪ್ಪ ಕೈಯೂರಿ ಎದ್ದರು. ಮುಖ ಸಣ್ಣದಾಗಿತ್ತು.

"ಏನ ಆರಾಮ ಅಳ್ಯಾರ. ಮನ್ನಿ ನಮ್ಮ ಎಮ್ಮಿ ಸತ್ತ ಹೋತು."

"ಸಂತೋಷದ ಸುದ್ದಿ, ಸಂತೋಷದ ಸುದ್ದಿ" ಎಂದವು ಎರಡೂ ಭೋಂಗಾಗಳು.

ಕಾಕಾ ಗಾಬರಿಯಾಗಿ ಕೀಲಿ ಒತ್ತಿದ. ಅದು ನಿಲ್ಲಿಸುವ ಕೀಲಿಯಲ್ಲ. ಅವನ ಲ್ಯಾಪ್‌ಟಾಪಿನಲ್ಲಿ ನಿಲ್ಲಿಸುವ ಕೀಲಿ ಇರಲೇ ಇಲ್ಲ.

"ಏನ ಅಂದ್ರಿ?" ಎಂದರು ದೊಡ್ಡಪ್ಪ. "ಹೈನಾ ಹಿಂಡತಿದ್ದ ಎಮ್ಮಿರಿ."

"ಮರೀಬ್ಯಾಡ್ರಿ, ಹೆಂಡರು ಮಕ್ಕಳ ಕೂಡಿ ಬರ್ರಿ."

ನಾನು ಹಿಂದಿನಿಂದ ಬ್ಯಾಟರಿಯ ತಂತಿ ಕಿತ್ತೆ. ದೊಡ್ಡಪ್ಪ ಕಟ್ಟೆಗೆ ತಿರುಗಿ ಹೋಗಿ, ನಮ್ಮ ಕಡೆ ಬೆನ್ನು ಹಾಕಿ ಕೂತರು. ಪಕ್ಕದವರಿಗೆ ಅಂದದ್ದು ನಮಗೂ ಕೇಳಿಸಿತು: "ಕೇಳತಾನ. ಕೇಳಿ ನಿಲ್ಲವಲ್ಲ."

ರಿಕ್ಷಾ ಸವದತ್ತಿ ದಾಟುವುದರೊಳಗೆ ಸುದ್ದಿ ಬೈಲಹೊಂಗಲ ಮುಟ್ಟಿತ್ತು. ಚಿಗವ್ವ ಬಾಗಿಲಲ್ಲೇ ನಿಂತಿದ್ದಳು. "ನಮ್ಮ ದೊಡ್ಡಪ್ಪನ ಎಮ್ಮಿ ಸತ್ರ ನಿಮಗ ಸಂತೋಷದ ಸುದ್ದಿ ಅಲ್ಲಾ?" ಕಾಕಾ ಪಾಟಿಗಾಗಿ ತಡಕಾಡಿದ. "ಬರೀಬ್ಯಾಡ್ರಿ, ಚಸ್ಮಾ ಇಲ್ಲ."

ಸಾಹುಕಾರರ ಫೋನೂ ಬಂತು. ನಾನೇ ಕಾಕಾನಾಗಿ ಎತ್ತಿದೆ, ಬೈಗುಳವೂ ನನಗೇ ಸಿಕ್ಕಿತು. "ಮನೋಳಿ ಮಂದಿ ಅಂಗಡಿ ಹೆಸರ ತಗದ್ರ ಉಗಳತಾರಂತ. ಹುಬ್ಬಳ್ಳಿ ದನಿಗೆ ಬೀಗರೂ ಇಲ್ಲ, ಬಿಜ್ಜರೂ ಇಲ್ಲ, ಅದರ ಪಾಡ ಚಲೋ ನೋಡ್ರಿ." ಬರುವ ಭಾನುವಾರದೊಳಗೆ ಮನೋಳಿಯನ್ನು ಸರಿಮಾಡದಿದ್ದರೆ ಕೆಲಸ ಹುಬ್ಬಳ್ಳಿಗೆ ಹೋಗುತ್ತದೆ ಎಂದು ಇಟ್ಟುಬಿಟ್ಟರು. ಕಾಕಾ ಆ ರಾತ್ರಿ ತಟ್ಟೆ ದೂರ ಸರಿಸಿ ಮಲಗಿದ.

ಮರುದಿನ ಚಿಗವ್ವನೇ ನನ್ನನ್ನು ಕರೆಸಿದಳು. "ಕೇಳಿದ ಮ್ಯಾಲ ನಿಲ್ಲಬೇಕು ಅದು. ನಿಲ್ಲಾಕ ಬರತೈತಿಲ್ಲ?"

"ಬರತೈತಿ. ಒಂದ ಬಟನ್ ಒತ್ತೂತನಾ ಸುಮ್ಮನಿರತೈತಿ."

"ಮತ್ತ ಅವರು ಹೇಳಿದ್ದಕ್ಕ ಇವರು ಏನರೆ ಅನಬೇಕಲ್ಲಾ. ಬರಕೋ. ಅಳಿಯಾ ಆದಾಂವ ಬಾಳ ಮಾತಾಡೂದಿರೂದಿಲ್ಲ."

ಅವಳು ಹೇಳುತ್ತ ಹೋದಳು, ನಾನು ಕೌದಿಯೊಳಗೆ ಕೂತು ಕಾಕಾನ ದನಿಯಲ್ಲಿ ನುಡಿಯುತ್ತ ಹೋದೆ. ಹೂಂನ್ರಿ. ಹೌದಲ್ರಿ. ಛೇ ಛೇ, ಹಿಂಗಾಗಬಾರದಿತ್ತು. ಚಾ ಈಗ ಆತ್ರಿ. ಊಟಕ್ಕ ಮತ್ತೊಮ್ಮೆ ಬರತೇವ್ರಿ. ಔಷಧಾ ತಗೊಳ್ರಿ. ಹುಡುಗುರು ಹಂಗನ್ರಿ. ಹೀಗೆ ಒಬ್ಬ ಅಳಿಯನಿಗೆ ಬೇಕಾದ ಇಡೀ ಭಾಷೆ ಬಟನ್ನುಗಳಾಗಿ ಪರದೆಯ ಮೇಲೆ ಸಾಲುಗಟ್ಟಿತು. ಒಂದು 'ಹೂಂನ್ರಿ' ಮರೆತರೂ ಬುತ್ತಿ ಬಿಚ್ಚಿ ಮೊದಲಿಂದ ಕಟ್ಟಬೇಕು, ಕಟ್ಟಿದಾಗಲೆಲ್ಲ ವೈರಸ್ ತಡೆಯುವವನು ನುಂಗಬೇಕು, ನಾನು ಬಿಡಿಸಬೇಕು. ಅರಿವಿ ಅಂಗಡಿಗೆ ಒಂದು ಬಟನ್ನು, ಬೀಗರಿಗೆ ಉಳಿದವೆಲ್ಲ.

ಕಾಕಾ ಅದನ್ನು ಮನೆಯಲ್ಲೇ ಅಭ್ಯಾಸ ಮಾಡಿದ. ಚಿಗವ್ವ "ಹಿಟ್ಟ ಮುಗದೈತಿ" ಎಂದರೆ ಲ್ಯಾಪ್‌ಟಾಪು "ಛೇ ಛೇ, ಹಿಂಗಾಗಬಾರದಿತ್ತು" ಎನ್ನುತ್ತಿತ್ತು. "ಗಿರಣಿಗೆ ಹೋಗ್ರಿ" ಎಂದರೆ "ಮತ್ತೊಮ್ಮೆ ಬರತೇವ್ರಿ." ಮೂರನೇ ದಿನ ಚಿಗವ್ವ ಲ್ಯಾಪ್‌ಟಾಪಿನ ಚಾರ್ಜರನ್ನು ಜೋಳದ ಚೀಲದಲ್ಲಿ ಬಚ್ಚಿಟ್ಟಳು.

ಶನಿವಾರ ಮತ್ತೆ ಮನೋಳಿ. ಕಾಕಾ ಎಂಜಿನ್ನು ನಿಲ್ಲಿಸಿದ, ಟೊಪ್ಪಿಗೆ ತೆಗೆದ. "ಏನ್ರೀ ಮಾವಾರ, ಎಲ್ಲಾರೂ ಆರಾಮ?" ಎಂದು ಕೇಳಿ ಆ್ಯಪು ನಿಂತಿತು. ಕಟ್ಟೆಯ ಮೇಲೆ ಬೆನ್ನು ಅಲ್ಲಾಡಲಿಲ್ಲ. ಆ್ಯಪು ಕಾದಿತು. ಅದರಷ್ಟು ತಾಳ್ಮೆಯಿಂದ ಕಾಯುವ ಅಳಿಯ ಹುಟ್ಟಿಲ್ಲ. ಕಡೆಗೆ ದೊಡ್ಡಪ್ಪ ಅರ್ಧ ತಿರುಗಿದರು.

"ಎಮ್ಮಿ ಸತ್ತೈತಿ ಅಂತ ಹೇಳಿದ್ನೆಲ್ಲಾ."

ಕಾಕಾನ ದಪ್ಪ ಬೆರಳು ಟಚ್‌ಪ್ಯಾಡಿನ ಮೇಲೆ ಅಲೆದು ಸರಿಯಾದ ಬಟನ್ನಿಗೇ ಬಿತ್ತು. "ಛೇ ಛೇ, ಹಿಂಗಾಗಬಾರದಿತ್ತು."

"ಮನ್ನಿ ಯಾಕ ಹಂಗ ಅಂದ್ರಿ?"

"ಹುಡುಗುರು ಹಂಗನ್ರಿ" ಎಂದಿತು ಆ್ಯಪು. ದೊಡ್ಡಪ್ಪ ಹಿಂದೆ ಕೂತಿದ್ದ ನನ್ನನ್ನು ನೋಡಿ ತಲೆಯಾಡಿಸಿದರು. ಕಾಕಾ ಇಷ್ಟು ಸುಲಭವಾಗಿ ನನ್ನ ಮೇಲೆ ಹಾಕುತ್ತಾನೆಂದು ಅಂದುಕೊಂಡಿರಲಿಲ್ಲ. ಮೊಣಕಾಲಿನ ಮಾತು ಬಂತು, ಔಷಧದ ಬಟನ್ನು ಬಿತ್ತು. ಚಹಾದ ಮಾತು ಬಂತು, ಚಹಾ ಆಯಿತು. ಮುದುಕರ ಬೆನ್ನು ಪೂರ್ತಿ ಈ ಕಡೆ ತಿರುಗಿ ಮುಖವಾಗಿತ್ತು. ಇನ್ನು ಅಂಗಡಿಯ ಬಟನ್ನು ಒತ್ತುವುದೊಂದೇ ಬಾಕಿ. ಅಷ್ಟರಲ್ಲಿ ಅವರು ಕೇಳಿದರು:

"ನಮ್ಮ ಹುಡುಗಿ ಹೆಂಗದಾಳ್ರಿ?"

ಕಾಕಾನ ಬೆರಳು ಮೇಲೆ ಹೋಯಿತು, ಕೆಳಗೆ ಬಂತು. ಅದಕ್ಕೆ ಬಟನ್ನು ಇರಲಿಲ್ಲ. ಇಡೀ ಊರಿನ ಕ್ಷೇಮ ಬರೆಸಿದ ಚಿಗವ್ವ ತನ್ನದೊಂದನ್ನು ಬರೆಸಿರಲಿಲ್ಲ. 'ಹೂಂನ್ರಿ' ಒತ್ತಿದರೆ ಅರ್ಥವಾಗದು, 'ಛೇ ಛೇ' ಒತ್ತಿದರೆ ನಾವು ಊರು ದಾಟುವುದಿಲ್ಲ. ನಾನು ಹಿಂದಿನಿಂದ ಮೈಕಿಗೆ ಕೈ ಚಾಚಿದೆ. ಆ ದನಿ ನನ್ನ ಗಂಟಲಲ್ಲಿ ತಯಾರಾಗಿಯೇ ಇತ್ತು. ಕಾಕಾ ನನ್ನ ಕೈ ಸರಿಸಿದ. ಮೈಕನ್ನು ತುಟಿಗೆ ತಂದ.

"ಚಲೋ ಅದಾಳ್ರಿ ಮಾವಾರ."

ಹಳೆಯ ಗೋಣಿಚೀಲ ಹರಿದಂಥ ದನಿ. ಎರಡು ಭೋಂಗಾಗಳೂ ಕೂಡಿ ಅದನ್ನು ಎತ್ತಿದರೂ ಅಗಸಿ ದಾಟಿರಲಾರದು. ಅದರಲ್ಲಿ ಕೆಮ್ಮೂ ಇರಲಿಲ್ಲ, ಸೊಕ್ಕೂ ಇರಲಿಲ್ಲ. ಅಷ್ಟು ವರ್ಷ ಅವನ ದನಿ ಮಾಡಿದ ನನಗೇ ಅದು ಹೊಸದು.

ದೊಡ್ಡಪ್ಪ ರಿಕ್ಷಾದ ಹತ್ತಿರ ಬಂದು ಲ್ಯಾಪ್‌ಟಾಪನ್ನೂ ಕಾಕಾನ ಕೊರಳನ್ನೂ ನನ್ನನ್ನೂ ಒಂದೊಂದಾಗಿ ನೋಡಿದರು. "ಗಂಟಲಾ ಹೋಗೇತಿ ಅಂತ ಮೊದಲ ಹೇಳಾಕ ಏನಾಗಿತ್ತು?" ಎಂದರು. "ಬಾಯಿ ಮುಚ್ಚರಿ ಇನ್ನ. ಏ ಹುಡುಗಾ, ಅಂಗಡೀದ ಹಚ್ಚು. ನಾವು ಕೇಳತೇವಿ."

ಹಚ್ಚಿದೆ. ಕಟ್ಟೆಯವರೆಲ್ಲ ಕೈಕಟ್ಟಿ ಕೂತು, ಸೀರೆಯ ಸೆರಗಿನಿಂದ ಟಾವೆಲ್ಲಿನ ತನಕ ಎಲ್ಲವನ್ನೂ ಪುರಾಣದಂತೆ ಕೇಳಿದರು.

ಕಾಕಾನ ಗುಟ್ಟು ಮಾತ್ರ ಉಳಿಯಲಿಲ್ಲ. ಅಂಗಡಿ ತೆರೆದ ದಿನ ಮನೋಳಿಯ ಮಂದಿ ಟ್ರ್ಯಾಕ್ಟರಿನಲ್ಲಿ ಬಂದು ಇಳಿದರಂತೆ. ಸಾಹುಕಾರರು ಮತ್ತೆ ಫೋನು ಮಾಡಿದರು. "ಬಂದವ್ರೆಲ್ಲಾ ಮೊದಲ ಅಳ್ಯಾರ ಗಂಟಲಾ ಹೆಂಗೈತಿ ಅಂತ ನನ್ನ ಕೇಳತಾರ್ರಿ. ಆಮ್ಯಾಲ ಸೀರಿ ನೋಡತಾರ. ನಾ ಅರಿವಿ ಅಂಗಡಿ ಇಟ್ಟೇನೋ ದವಾಖಾನಿ ಇಟ್ಟೇನೋ?" ಅಷ್ಟು ಹೇಳಿ, ಮುಂದಿನ ತಿಂಗಳ ಪ್ರಚಾರಕ್ಕೂ ಕಾಕಾನೇ ಬರಬೇಕೆಂದರು. ಈ ಸಲ ಫೋನನ್ನು ನಾನು ನನ್ನ ದನಿಯಲ್ಲೇ ಎತ್ತಿದ್ದೆ. "ಯಾರ್ರಿ ನೀವು?" ಎಂದು ಅವರು ಎರಡು ಸಲ ಕೇಳಿದರು.

ಮನೋಳಿಯ ಆ ಶನಿವಾರದ ಸುದ್ದಿ ಚಿಗವ್ವನಿಗೆ ನಾವು ಮನೆ ಮುಟ್ಟುವ ಮೊದಲೇ ಬಂದಿತ್ತು. ಮರುದಿನ ರೊಟ್ಟಿ ಬಡಿಯುತ್ತ, ಕಾಕಾನ ಕಡೆ ನೋಡದೆ ಅಂದಳು:

"ಡಾಕ್ಟರು ಮಾತಾಡಬ್ಯಾಡ ಅಂದಾರ. ಇದ್ದ ಮೂರು ಮಾತನ್ನ ಆ ಅಗಸಿ ಮುಂದ ಯಾಕ ಚೆಲ್ಲಿದ್ರಿ? ಮನ್ಯಾಗ ಜಾಗಾ ಇರಲಿಲ್ಲೇನು?"

ಕಾಕಾ ತಟ್ಟೆಯಲ್ಲಿ ಮುಖ ಹುದುಗಿಸಿದ. ನಾನು ಲ್ಯಾಪ್‌ಟಾಪು ತೆರೆದು, ಇನ್ನೊಂದು ಬಟನ್ನು ಸೇರಿಸಿಬಿಡೋಣ, 'ಚಲೋ ಅದಾಳ್ರಿ' ಅಂತ, ಈಗಲೇ ಕೌದಿಯೊಳಗೆ ಹೋಗಿ ಹೇಳಿ ಬರುತ್ತೇನೆ ಎಂದೆ. ಕಾಕಾ ಎಡಗೈಯಿಂದ ಪಾಟಿ ಎಳೆದುಕೊಂಡು, ಚಿಗವ್ವನಿಗೆ ಕಾಣುವಂತೆ ದೊಡ್ಡ ಅಕ್ಷರದಲ್ಲಿ ಬರೆದ.

"ಬ್ಯಾಡ. ಅದನ್ನ ನಾನ ಹೇಳತೇನಿ."

ಚಿಗವ್ವ ಚಸ್ಮಾ ಇಲ್ಲದೆಯೇ ಓದಿದಳು.